ನಾಲ್ಕು ಮಂದಿಯ ಕುರ್ಚಿ

ಖಾನಾಪುರ,
ಕಾರ್ತಿಕ ಸೋಮವಾರ, ೨೦ ನವೆಂಬರ್ ೨೦೦೦

ಪ್ರೀತಿಯ ತಮ್ಮಾ ಕಲ್ಮೇಶಾ,

ಊರ ದೇವಿ ನಿನ್ನನ್ನು ನೀರಿನ ಮೇಲೂ ಕಾಯಲಿ. ಮೈಯಲ್ಲಿ ಹೇಗಿದ್ದೀ? ಹಡಗಿನ ಲಾಂಡ್ರಿಯ ಉಗಿಗೆ ಅಂಗೈ ಸುಲಿಯುತ್ತದೆ ಎಂದು ಹೋದ ಪತ್ರದಲ್ಲಿ ಬರೆದಿದ್ದೀ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ, ಜೊತೆಯವರು ನಗುತ್ತಾರೆ ಎಂದು ನಾಚಬೇಡ. ಕೆಮ್ಮು ನಿಂತಿತೇ? ಬಿಸಿ ಉಗಿಯಿಂದ ಎದ್ದವನೇ ಹೊರಗೆ ಗಾಳಿಗೆ ಹೋಗಿ ನಿಲ್ಲಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ನೀನು ಚಿಕ್ಕಂದಿನಿಂದಲೂ ಬೆವರಿದ ಮೈಯಲ್ಲೇ ಹೊಳೆಗೆ ಹಾರುವವನು, ನಿನಗೆ ಹೇಳಿ ಏನು ಉಪಯೋಗ. ಸೋಮವಾರದ ಒಪ್ಪತ್ತು ಮಾತ್ರ ಬಿಡಬೇಡ. ಅಲ್ಲಿ ಬೇಯಿಸಿ ಹಾಕಿದ್ದನ್ನು ತಿನ್ನಬೇಕಾಗುತ್ತದೆ ಎಂಬುದು ನನಗೆ ಗೊತ್ತು. ವಾರಕ್ಕೊಂದು ಹೊತ್ತು ಬರೀ ಮೊಸರನ್ನ ಉಂಡರೂ ಶಿವ ಒಪ್ಪಿಕೊಳ್ಳುತ್ತಾನೆ.

ನಾವು ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಬೇಕು, ಕೈ ಮುಂದೆ ಹೋಗುತ್ತಿಲ್ಲ. ಸಂಕ್ರಾಂತಿ ಆದ ಮೇಲೆ ನಿನ್ನ ಹಡಗು ವಾಸ್ಕೋದಿಂದ ಹೊರಟು ಮಂಗಳೂರು, ಕೊಚ್ಚಿ, ಕೊಲಂಬೋ, ಮಾಲೆ ಎಂದು ನಾಲ್ಕು ಕಡೆ ನಿಲ್ಲುತ್ತದೆ, ಪ್ರತಿಯೊಂದು ಕಡೆ ಇಳಿದು ಏನು ನೋಡಬೇಕು ಎಂಬುದನ್ನು ಮೊದಲೇ ಆರಿಸಿ ತಿಳಿಸಬೇಕು, ಪ್ರಮಿಳಾಳಿಗೆ ಆಗುವಂಥದ್ದನ್ನೇ ಆರಿಸು ಎಂದು ಬರೆದಿದ್ದೀಯಲ್ಲ. ಕೆಲಸಗಾರರ ಮನೆಯ ಇಬ್ಬರಿಗೆ ಕಂಪನಿ ಕೊಡುವ ಸವಲತ್ತನ್ನು ಈ ಸಲ ನೀನು ನಮ್ಮ ತಾಯಿ ಮಗಳ ಹೆಸರಿಗೆ ಬರೆಸಿದ್ದೀ. ಕುಂಟ ಹುಡುಗಿಗೆ ಸಮುದ್ರ ತೋರಿಸಬೇಕು ಎಂದು ಬೇರೆ ಯಾರಿಗೆ ಅನಿಸಿತು? ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇನ್ನು ಮೇಲೆ ಪ್ರಮಿಳಾಳನ್ನು ಎತ್ತುವಂತಿಲ್ಲ. ಬೆನ್ನಿನ ಮಣಕ ಜಾರಿದೆ, ತುಂಬಿದ ಕೊಡವನ್ನು ಕೂಡ ಎತ್ತಬಾರದು ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದಾರೆ. ಅವಳನ್ನು ಹಡಗಿಗೆ ಹತ್ತಿಸುವವರು ಯಾರು, ದಂಡೆಗೆ ಇಳಿಸುವವರು ಯಾರು, ಈ ಪತ್ರದಲ್ಲಿ ಇರುವುದೆಲ್ಲ ಅದೇ ಮಾತು. ಪೂರ್ತಿ ಓದು, ಕೆಲಸದ ನಡುವೆ ಅರ್ಧ ಓದಿ ಜೇಬಿಗೆ ಇಟ್ಟುಕೊಳ್ಳಬೇಡ.

ನೀನು ಕಳಿಸಿದ ಬಣ್ಣದ ಪುಸ್ತಕವನ್ನು ದೀಪಾವಳಿ ಪಾಡ್ಯದ ದಿನ ಮಾಲಾ ಟಿಳಕವಾಡಿಯ ನಿಮ್ಮ ಮನೆಯಿಂದ ತಂದಳು, ಜೊತೆಗೆ ಒಂದು ಡಬ್ಬಿ ಕರ್ಜಿಕಾಯಿ. ನಿನ್ನ ಹೆಂಡತಿ ಹೊಸ್ತಿಲು ದಾಟುವ ಮೊದಲೇ ನನ್ನ ಮಗಳು ಹೊಲಿಗೆ ಮಶೀನಿನ ಹಿಂದಿನಿಂದ ಕೂಗಿದಳು, "ಬಾ ಬಾ ಸವತಿ, ನನ್ನ ಗಂಡ ಏನ ಕಳಿಸ್ಯಾನ?" ಮಾಲಾ ಬ್ಯಾಂಕಿನಲ್ಲಿ ಹತ್ತು ಮಂದಿಯ ಜೊತೆ ಮಾತಾಡುವವಳು, ಬಿಡುತ್ತಾಳೆಯೇ? "ನಿನ್ನ ಗಂಡನ್ನ ನೀನ ಇಟ್ಕೊಳವಾ ಪಮ್ಮಿ, ಎಂಟ ತಿಂಗಳಿಗೊಮ್ಮಿ ಮನೀಗೆ ಬಂದು ನನ್ನ ಸೀರಿ ಇಸ್ತ್ರಿ ಸರಿ ಇಲ್ಲ ಅಂತಾನ" ಎಂದಳು. ಇಬ್ಬರೂ ನಕ್ಕರು, ನಾನು ಒಳಗೆ ಚಹಾಕ್ಕೆ ಇಡಲು ಹೋದೆ. ಅವಳು ತೊಟ್ಟಿಲಲ್ಲಿದ್ದಾಗ ಹತ್ತು ವರ್ಷದ ನೀನು ಇಣುಕಿ ನೋಡಿ "ಇಕಿ ನನ್ನ ಹೇಣ್ತಿ" ಎಂದದ್ದನ್ನು, ಅವ್ವ ನಿನ್ನ ಕೈಯಿಂದಲೇ ಕೂಸಿನ ಕೈಗೆ ಬಳೆ ಇಡಿಸಿದ್ದನ್ನು ಅವಳಿಗೆ ಯಾರು ಹೇಳಿದರೋ. ಅಕ್ಕನ ಮಗಳು ಸೋದರಮಾವನ ಪಾಲು ಎಂಬುದು ನಮ್ಮಲ್ಲಿ ಎಲ್ಲ ಮನೆಯ ಮಾತು. ಎರಡನೆಯ ವರ್ಷಕ್ಕೆ ಜ್ವರ ಬಂದು ಅವಳ ಕಾಲುಗಳು ಹೋದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ, ಈಗಲೂ ಆಡುತ್ತಿಲ್ಲ. ಮಾಲಾ ಒಳ್ಳೆಯ ಹುಡುಗಿ. ದೇವರು ಯಾರ ಹಣೆಯಲ್ಲಿ ಏನು ಬರೆದಿದ್ದಾನೋ ಅದೇ.

ಚಹಾ ಕುಡಿಯುತ್ತ ಮಾಲಾ, ಪ್ರಮಿಳಾ ಇಬ್ಬರೂ ಪುಸ್ತಕ ಓದಿ ನನಗೆ ಬಿಡಿಸಿ ಹೇಳಿದರು. ಅಲ್ಲಿಯ ಜನ ಬಹಳ ಶಿಸ್ತಿನವರು ಕಾಣುತ್ತದೆ. ಯಾವ ಕಡೆ ಎಷ್ಟು ನಡೆಯಬೇಕು, ಬಸ್ಸಿನ ಪಾವಟಿಗೆ ಎಷ್ಟು ಎತ್ತರ, ಗಾಲಿ ಕುರ್ಚಿ ಎಲ್ಲಿಯ ತನಕ ಹೋಗುತ್ತದೆ, ಪಾಯಖಾನೆ ಎಲ್ಲಿದೆ, ಎಲ್ಲವನ್ನೂ ಬರೆದಿದ್ದಾರೆ. ಮಂಗಳೂರಿನಲ್ಲಿ ಗುಡಿಗಳ ದರ್ಶನ ಇದೆ ಎಂದ ಕೂಡಲೇ ನಾನು ಅದನ್ನೇ ಹಿಡಿದುಕೊಂಡೆ, ಆದರೆ ಕೆಳಗೆ ಮೆಟ್ಟಿಲುಗಳ ಸುದ್ದಿ ಇತ್ತು. ಹಾಗಾದರೆ ಗೋಡಂಬಿ ಕಾರ್ಖಾನೆ ನೋಡಲಿ, ಅಲ್ಲಿ ನೆಲ ಸಪಾಟ ಇದೆಯಂತೆ ಎಂದೆ. "ಕಾರ್ಖಾನಿ ನೋಡಾಕ ಹಡಗ ಹತ್ತಬೇಕೇನವಾ? ಅಪ್ಪನ ಹಂಚಿನ ಕಾರ್ಖಾನಿ ಧೂಳಾ ತಿಂದದ್ದ ಸಾಲದಾತೇನ?" ಎಂದಳು ಪ್ರಮಿಳಾ. ಕೊಲಂಬೋದಲ್ಲಿ ಬಸ್ಸಿನಿಂದ ಇಳಿಯದೆ ಕಿಟಕಿಯಿಂದಲೇ ಊರನ್ನೆಲ್ಲ ನೋಡಿ ಬರುವುದೊಂದು ಇದೆ. ನನಗೆ ಅದು ಬಹಳ ಸೇರಿತು, ಒಮ್ಮೆ ಕೂರಿಸಿದರೆ ಮುಗಿಯಿತು, ಎತ್ತುವ ಇಳಿಸುವ ತಾಪತ್ರಯವಿಲ್ಲ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಖಿಡಕ್ಯಾಗಿಂದ ನೋಡೂದನ್ನ ನಾ ಇಲ್ಲೇ ಕುಂತು ಮಾಡ್ತೇನಿ. ಹುಟ್ಟಿದಾಗಿಂದ ಅದನ್ನ ಮಾಡೇನಿ" ಎಂದಳು. ಮಾಲಾ ಕರ್ಜಿಕಾಯಿ ಮುರಿದು ಅರ್ಧ ಅವಳ ಕೈಗಿಟ್ಟಳು.

ಕೊನೆಗೆ ಅವಳ ಬೆರಳು ಹೋಗಿ ನಿಂತದ್ದು ಮಾಲೆಯ ಹಾಳೆಯ ಮೇಲೆ. ಬಿಳಿ ಉಸುಕು, ಮೊಣಕಾಲುದ್ದದ ನೀರು, ನೀರಿನೊಳಗೇ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಮುದುಕಿಯ ಚಿತ್ರ. ನಿನಗೆ ನೆನಪಿರಬೇಕು, ಈ ಹುಡುಗಿ ನೆಲದ ಮೇಲೆ ಹೇಗೇ ಇರಲಿ, ನೀರಿನಲ್ಲಿ ಮಾತ್ರ ಮೀನು. ಪ್ರತಿ ಕಾರ್ತಿಕ ಸೋಮವಾರ ಅಸೋಗಾಕ್ಕೆ ಕರೆದುಕೊಂಡು ಹೋಗಿ ರಾಮಲಿಂಗನ ಗುಡಿಯ ಮುಂದೆ ಮಲಪ್ರಭೆಯಲ್ಲಿ ಕಂಕುಳಿಗೆ ಕೈ ಕೊಟ್ಟು ತೇಲಿಸುತ್ತಿದ್ದೆ. ಆ ಸತ್ತ ಕಾಲುಗಳು ನೀರಿನಲ್ಲಿ ಮೇಲೆ ಬಂದು ಆಡುವುದನ್ನು ನೋಡುತ್ತ ಅವಳು ಒಬ್ಬಳೇ ನಗುತ್ತಿದ್ದಳು. ಆದರೆ ಮಾಲೆಯ ಹತ್ತಿರ ಹಡಗು ದಂಡೆಗೆ ಹತ್ತುವುದಿಲ್ಲ, ನಡುನೀರಿನಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿದು ಹೋಗಬೇಕು ಎಂದು ಮಾಲಾ ಓದಿದಳು. ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಪಟ್ಟಿ ಕಟ್ಟಿ, ಹಡಗಿನ ನಾಲ್ಕು ಖಲಾಶಿಗಳು ಹೊತ್ತು ಇಳಿಸುತ್ತಾರಂತೆ. ಅದನ್ನು ಕೇಳಿದ್ದೇ ನಾನು ಪೆನ್ಸಿಲ್ ತೆಗೆದುಕೊಂಡು ಆ ಹಾಳೆಯ ಮೇಲೆ ಗೀಟು ಹಾಕಿದೆ. "ಇದೊಂದ ಬ್ಯಾಡ" ಎಂದೆ.

ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ತಲೆ ಜೋಲದ ಹಾಗೆ ಪಟ್ಟಿ ಕಟ್ಟಿ, ನಾಲ್ಕು ಮಂದಿ ಹೊತ್ತು ಒಯ್ಯುತ್ತೇವೆ. ನಿನ್ನ ಭಾವನವರನ್ನು ಕಾರ್ಖಾನೆಯ ಕುರ್ಚಿಯಲ್ಲೇ ಕೂರಿಸಿ ಒಯ್ದರು. ಪ್ರಮಿಳಾ ಆಗ ಬಾಗಿಲಲ್ಲಿ ನೆಲಕ್ಕೆ ಕೂತು ನೋಡುತ್ತಿದ್ದಳು, ಅಪ್ಪ ಅವಳ ತಲೆಯ ಮೇಲಿಂದ ಹಾದು ಹೋದ. "ಜೀವ ಇದ್ದವರನ್ನ ನಾಕ ಮಂದಿ ಕುರ್ಚಿಯೊಳಗ ಹೊತ್ರ ಯಮಗ ದಾರಿ ತೋರ್ಸಿಧಂಗ" ಎಂದು ಅವ್ವ ಹೇಳುತ್ತಿದ್ದದ್ದು ನಿನ್ನ ಕಿವಿಗೂ ಬಿದ್ದಿದೆ. ಅದಕ್ಕೇ ನಾನು ಇಷ್ಟು ವರ್ಷ ಅವಳನ್ನು ಕುರ್ಚಿಯಲ್ಲಿ ಹೊರಲು ಯಾರಿಗೂ ಬಿಡಲಿಲ್ಲ. ಇನ್ನು ಎತ್ತಿಕೊಳ್ಳುವ ಮಾತು. ಪ್ರಾಯಕ್ಕೆ ಬಂದ ಹುಡುಗಿಯ ಮೈಗೆ ಪರಗಂಡಸು ಕೈ ಹಾಕಿ ಎತ್ತಿದರೆ ಓಣಿಯಲ್ಲಿ ಏನು ಮಾತು ಬರುತ್ತದೆ ಎಂಬುದೂ ಗೊತ್ತು. ಹೀಗಾಗಿ ಸಾಲಿಗೆ, ದವಾಖಾನೆಗೆ, ಗುಡಿಗೆ, ಮದುವೆ ಮುಂಜಿವೆಗೆ ಎಲ್ಲ ಕಡೆಗೂ ಮೊದಲು ಸೊಂಟದ ಮೇಲೆ, ಆಮೇಲೆ ಬೆನ್ನ ಮೇಲೆ ನಾನೇ. ಮನೆಯೊಳಗೆ ಗಾಲಿ ಹಲಗೆಯ ಮೇಲೆ ಅವಳೇ ಓಡಾಡುತ್ತಾಳೆ. ಹೊಸ್ತಿಲ ಹೊರಗೆ ಅವಳ ಕಾಲು ಎಂದರೆ ನನ್ನ ಕಾಲು.

ಪಾಡ್ಯ ಕಳೆದ ಮೇಲಿನ ಸೋಮವಾರ ಅಸೋಗಾಕ್ಕೆ ಹೋದೆವು. ಭರಮವ್ವನೂ ಬಂದಿದ್ದಳು, ನಮ್ಮ ಬಾಜು ಮನೆಯವಳು, ನಿನಗೆ ಗೊತ್ತು, ಬಾಯಿ ದೊಡ್ಡದು, ಮನಸ್ಸು ಬಂಗಾರ. ಇಳಿಯುವಾಗ ಏನೂ ಆಗಲಿಲ್ಲ. ಹುಡುಗಿ ಮನಸ್ಸು ತುಂಬ ನೀರಿನಲ್ಲಿ ಆಡಿದಳು. ಒದ್ದೆ ಸೀರೆಯಲ್ಲಿ ಅವಳನ್ನು ಬೆನ್ನಿಗೆ ಹಾಕಿಕೊಂಡು ಪಾವಟಿಗೆ ಹತ್ತುತ್ತಿದ್ದೆ, ಅರ್ಧಕ್ಕೆ ಬಂದಿರಬೇಕು. ಬೆನ್ನಿನಲ್ಲಿ ಒಣ ಕಟ್ಟಿಗೆ ಮುರಿದ ಹಾಗಾಯಿತು. ಅವಳನ್ನು ಬೀಳಿಸಲಿಲ್ಲ, ಅದೊಂದು ದೇವರ ದಯೆ, ಹಾಗೇ ಕುಸಿದು ಕೂತೆ. ಆಮೇಲೆ ಏಳಲಿಕ್ಕೆ ಆಗಲಿಲ್ಲ. ಮಂದಿ ಕೂಡಿತು. ಮೇಲೆ ಚಹಾದ ಅಂಗಡಿ ಇಟ್ಟಿರುವ ಬಾಳಾಸಾಹೇಬ ಒಂದು ಪ್ಲಾಸ್ಟಿಕ್ ಕುರ್ಚಿ ತಂದ, ಮತ್ತೆ ಮೂವರನ್ನು ಕರೆದ. "ಮಾವಶಿ, ನೀವ ಹಿಂಗ ಕುಂದರ್ರಿ, ಅಕ್ಕನ್ನ ನಾವ ಮ್ಯಾಲ ಮುಟ್ಟಸ್ತೇವಿ, ಮೈ ಮುಟ್ಟೂದಿಲ್ಲ, ಕುರ್ಚಿ ಅಷ್ಟ ಹಿಡೀತೇವಿ" ಎಂದು ಬಹಳ ಮರ್ಯಾದೆಯಿಂದ ಹೇಳಿದ. ನಾಲ್ಕು ಗಂಡಸರು, ನಾಲ್ಕು ಕಾಲಿನ ಕುರ್ಚಿ, ಒದ್ದೆ ಮೈಯಲ್ಲಿ ನನ್ನ ಮಗಳು. ನನಗೆ ಅವಳ ಅಪ್ಪನೇ ಕಣ್ಣಿಗೆ ಬಂದ. "ಬ್ಯಾಡ, ನನ್ನ ಮಗಳೇನ ಹೆಣಾ ಅಲ್ಲ!" ಎಂದು ಅಷ್ಟು ಮಂದಿಯ ಎದುರು ಚೀರಿದೆ.

ಕುರ್ಚಿ ಅಲ್ಲೇ ನಿಂತಿತು. ಬಾಳಾಸಾಹೇಬ ಏನು ಮಾಡಬೇಕೆಂದು ತಿಳಿಯದೆ ಟವೆಲಿನಿಂದ ಕುರ್ಚಿ ಒರೆಸುತ್ತ ನಿಂತ. ಬಿಸಿಲು ಏರಿತು, ಪಾವಟಿಗೆ ಕಾದವು. ಪ್ರಮಿಳಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಸುತ್ತಿಕೊಂಡು ಹಿಮ್ಮುಖವಾಗಿ ತಿರುಗಿ, ಎರಡೂ ಅಂಗೈ ಮೇಲಿನ ಪಾವಟಿಗೆಗೆ ಊರಿ ಮೈಯನ್ನು ಎಳೆದುಕೊಂಡಳು. ಮತ್ತೊಂದು. ಮತ್ತೊಂದು. ಕಾಲುಗಳು ಹಿಂದೆ ಹಿಂದೆ ಬಡಿಯುತ್ತ ಬಂದವು. ಮಂದಿ ದಾರಿ ಬಿಟ್ಟಿತು. ದರ್ಶನಕ್ಕೆ ಬಂದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನೋಡಿದರು, ಯಾರೋ ಒಬ್ಬಳು ಅವಳ ಉಡಿಯಲ್ಲಿ ಚಿಲ್ಲರೆ ಹಾಕಿದಳು. ಭಿಕ್ಷೆಯವಳು ಎಂದುಕೊಂಡಳೋ ಏನೋ. ಪ್ರಮಿಳಾ ಅದನ್ನು ಝಾಡಿಸಲೂ ಇಲ್ಲ, ಹತ್ತುತ್ತಲೇ ಇದ್ದಳು. ಮೇಲೆ ಮುಟ್ಟಿದಾಗ ಅಂಗೈ ಎರಡೂ ನಿನ್ನವುಗಳ ಹಾಗೆ ಸುಲಿದಿದ್ದವು. ನನ್ನನ್ನು ಭರಮವ್ವನೂ ಮತ್ತೊಬ್ಬಳೂ ಹಿಡಿದು ಹತ್ತಿಸಿದರು. ಅಲ್ಲಿ ಪ್ರಮಿಳಾ ಹೇಳಿದ ಮಾತು ಈಗಲೂ ನನ್ನ ಅನ್ನದ ತುತ್ತಿನಲ್ಲಿ ಬರುತ್ತದೆ. "ಅವ್ವಾ, ನಾಕ ಮಂದಿ ಹೊತ್ರ ಹೆಣಾ ಅಂದಿ. ನಾಯಿಗತೆ ಹತ್ತಿ ಬಂದ್ರ ಏನ ಅಂತಾರ, ಅದನ್ನೂ ಹೇಳ."

ಮರುದಿನ ಮಾಲಾ ರಜೆ ಹಾಕಿ ಬಂದು ನನ್ನನ್ನು ಬೆಳಗಾವಿಗೆ ಕರೆದುಕೊಂಡು ಹೋದಳು. ಬೆನ್ನಿನ ಫೋಟೋ ತೆಗೆಸಿದರು, ಡಾಕ್ಟರು ಎತ್ತಬಾರದು ಎಂದದ್ದು ಆಗಲೇ. ದವಾಖಾನೆಯಿಂದ ಹೊರಗೆ ಬಂದವಳೇ ನಾನು ಮಾಲಾಳಿಗೆ, ಹಡಗು ಗಿಡಗು ಏನೂ ಬೇಡ, ಎಲ್ಲ ರದ್ದು ಮಾಡಲಿಕ್ಕೆ ಹೇಳು ಎಂದೆ. ಮನೆಗೆ ಬಂದು ಪ್ರಮಿಳಾಳಿಗೂ ಹೇಳಿದೆ. ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು. "ಆತು" ಎಂದಳು ಅಷ್ಟೇ. ಆಮೇಲೆ ಹೊಲಿಗೆಗೆ ಬಂದ ಹೆಂಗಸರ ಜೊತೆಗೂ ಚೇಷ್ಟೆಯ ಮಾತಿಲ್ಲ. ಕೈಯಿಂದ ತಿರುಗಿಸುವ ಆ ಮಶೀನು, ಸುಲಿದ ಅಂಗೈ, ಅರಿವೆ ಸುತ್ತಿಕೊಂಡು ತಿರುಗಿಸುವುದು, ಅದೊಂದೇ ಸಪ್ಪಳ ಮನೆಯಲ್ಲಿ. ಅವಳನ್ನು ಹಿತ್ತಲಿಗೆ ಇಳಿಸಲು ಕೂಡ ದಿನಾ ಭರಮವ್ವನನ್ನು ಕರೆಯಬೇಕಾಯಿತು. ಭರಮವ್ವ ಬರುವ ತನಕ ಕಾಯುತ್ತ ಕೂತ ಮಗಳ ಮುಖ ನೋಡುವುದು ಯಾವ ತಾಯಿಗೂ ಬೇಡ ಕಲ್ಮೇಶಾ. ಅದಕ್ಕಿಂತ ಹೆಚ್ಚು ಬರೆಯಲಾರೆ.

ನನ್ನ ಬುದ್ಧಿ ನಿಂತಾಗ ನಾನು ಹೋಗುವುದು ಒಂದೇ ಕಡೆ. ಊರ ದೇವಿಗೆ ಕೌಲ ಹಚ್ಚಿಸಲು ಹೋದೆ. ಗುರವ ಸಾತಪ್ಪ ದೇವಿಯ ಮೈಗೆ ಎಡಕ್ಕೂ ಬಲಕ್ಕೂ ನೀರು ಹಚ್ಚಿ ಹೂವಿನ ಎಸಳು ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹೊಲ ಕೊಳ್ಳಲು, ಹೆಣ್ಣು ಕೊಡಲು ಕೇಳುವ ದೇವಿಗೆ ನಾನು ಹಡಗಿನ ಮಾತು ಕೇಳಿದೆ. ಮಗಳು ಹೋಗಲೇ ಎಂದು ಕೇಳಿದೆ, ಬಲಗಡೆಯ ಎಸಳು ಬಿತ್ತು. ಮಂಗಳೂರಿನಲ್ಲಿ ಇಳಿಸಲೇ ಎಂದೆ, ಎಡಗಡೆಯದು. ಕೊಚ್ಚಿ, ಬಲ. ಕೊಲಂಬೋ, ಬಲ. ಮಾಲೆಯನ್ನು ಕೇಳುವುದೇ ಬೇಡ ಎಂದುಕೊಂಡು ಏಳಲು ಹೋದೆ. ದೇವಿಯ ಮುಂದೆ ಕುಳಿತು ಒಂದನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು. ಕೇಳಿದೆ. ನಾನು ಮಾತು ಮುಗಿಸುವ ಮೊದಲೇ ಬಲಗಡೆಯ ಎಸಳು ಜಾರಿತು. ಗಾಳಿಗೆ ಬಿತ್ತೇನೋ, ಮತ್ತೊಮ್ಮೆ ಹಚ್ಚಪ್ಪಾ ಎಂದೆ. ಸಾತಪ್ಪ ಸಿಟ್ಟಾದ. "ಯಕ್ಕಾ, ದೇವಿ ಏನ ನಿನ್ನ ಸೊಸೀನ, ಹೇಳಿದ್ದನ್ನ ಮತ್ತ ಮತ್ತ ಹೇಳಾಕ? ನಿನಗ ಬೇಕಾದ್ದ ಬೀಳಬೇಕಂದ್ರ ನೀನ ಎಸಳ ಕಿತ್ತ ಒಗಿ" ಎಂದ. ದಾರಿಯಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದದ್ದು ಕೂಡ ತಿಳಿಯಲಿಲ್ಲ. ಅಂಗಳಕ್ಕೆ ಬಂದ ಮೇಲೆ ಭರಮವ್ವ, "ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡ ಯಾವ ದೇವರ ಹರಕಿ ಇದ?" ಎಂದು ಕೇಳಿದಾಗ ನೋಡಿಕೊಂಡೆ.

ಪ್ರಮಿಳಾಳಿಗೆ ಹೇಳಿದೆ, ದೇವಿ ಮಾಲೆಗೆ ಹೂಂ ಅಂದಳು ಎಂದು. ಅಷ್ಟು ದಿನದ ಮೇಲೆ ಅವಳ ಬಾಯಿಂದ ಮಾತು ಬಂತು. "ದೇವಿ ಹೂಂ ಅಂದ್ಳು. ನೀ ಏನಂತಿ?" ಎಂದಳು. ನಾನು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದೆ. ಮರುದಿನ ರವಿವಾರ, ಮಾಲಾ ಬಂದಿದ್ದಳು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ನಗೆಯೋ ನಗೆ. ನಮ್ಮ ಕಟ್ಟಿಗೆಯ ಕುರ್ಚಿಯಲ್ಲಿ ಪ್ರಮಿಳಾ ಕೂತಿದ್ದಳು, ಎದೆಗೆ ನನ್ನ ಹಳೆಯ ಸೀರೆಯ ಪಟ್ಟಿ ಬಿಗಿದಿತ್ತು. ಮುಂದೆ ಮಾಲಾ ಮತ್ತು ಭರಮವ್ವ, ಹಿಂದೆ ಓಣಿಯ ಇಬ್ಬರು ಹೆಂಗಸರು. ನಾಲ್ವರೂ ಕುರ್ಚಿಯನ್ನು ಸೊಂಟದ ಮಟ ಎತ್ತಿ ಹಿಡಿದಿದ್ದರು. ನನ್ನನ್ನು ಕಂಡರೂ ಇಳಿಸಲಿಲ್ಲ. ಭರಮವ್ವನೇ ಏದುಸಿರು ಬಿಡುತ್ತ ಹೇಳಿದಳು, "ಹಂಗ್ಯಾಕ ನೋಡ್ತಿ ಸತ್ಯವ್ವಾ? ನಮ್ಮ ಪೈಕಿ ಹೆಂಗಸರು ಎಂದಾದ್ರೂ ಹೆಣಾ ಹೊತ್ತಾರೇನ? ಇಲ್ಲಲ್ಲಾ? ಮತ್ತ ಹೆಂಗಸರು ಹೊತ್ತದ್ದು ಹೆಣಾ ಹೆಂಗ ಆಗತೈತಿ? ಸರಿ ದಾರಿ ಬಿಡ, ನಿನ್ನ ಮಗಳು ಎಮ್ಮಿಗತೆ ಒಜ್ಜಿ ಅದಾಳ!" ಮಾಲಾಳ ಬ್ಯಾಂಕಿನ ಸೀರೆ ಎಲ್ಲ ಕೆಸರು. "ಅಕ್ಕಾರ, ಈ ಸವತಿ ಭಾಳ ತಿಂತಾಳ್ರಿ" ಎಂದಳು. ಹೊಸ್ತಿಲಿನಿಂದ ತುಳಸಿಕಟ್ಟೆಯ ತನಕ ಒಯ್ದು ಇಳಿಸಿದರು. ಒಂದು ಸಲ ಕುರ್ಚಿ ಎಡಕ್ಕೆ ವಾಲಿತು, ಪ್ರಮಿಳಾ ಚೀರಲಿಲ್ಲ. ಕೆಳಗಿಟ್ಟ ಮೇಲೆ ನೋಡಿದೆ, ಅವಳ ಮುಖದಲ್ಲಿ ಬೆವರು ಇತ್ತು, ಹೊತ್ತವರಿಗಿಂತ ಹೆಚ್ಚು. ಅವಳಿಗೂ ಹೆದರಿಕೆ ಇತ್ತು ತಮ್ಮಾ. ಅಪ್ಪನ ಕುರ್ಚಿ ಅವಳೂ ನೋಡಿದ್ದಾಳೆ. ರೊಟ್ಟಿಯ ತುಣುಕು, ಉಪ್ಪು, ಮೆಣಸಿನಕಾಯಿ ತೆಗೆದುಕೊಂಡು ಐವರಿಗೂ ದೃಷ್ಟಿ ತೆಗೆದು ಒಲೆಗೆ ಹಾಕಿದೆ. ಬೇರೆ ಏನು ಮಾಡಲಿಕ್ಕೆ ಬರುತ್ತದೆ ನನಗೆ.

ಇನ್ನು ನೀನು ಕೇಳಿದ ಮಾತಿಗೆ ಬರುತ್ತೇನೆ. ರದ್ದು ಮಾಡಲಿಕ್ಕೆ ಹೇಳು ಎಂದದ್ದನ್ನು ಮಾಲಾ ನಿನಗೆ ತಿಳಿಸಿರಲಿಲ್ಲ, ಒಳ್ಳೆಯದೇ ಆಯಿತು. ನನ್ನ ಬದಲು ಮಾಲಾಳ ಹೆಸರು ಬರೆಸು. ಅವಳ ಪಾಸ್‌ಪೋರ್ಟು ಹೇಗೂ ಇದೆ, ರಜೆ ಸಿಗುತ್ತದೆ ಎಂದಿದ್ದಾಳೆ. ಮಂಗಳೂರಿನಲ್ಲಿ ಪ್ರಮಿಳಾ ಇಳಿಯುವುದಿಲ್ಲ, ಮೊದಲನೆಯ ದಿನ, ಹಡಗಿಗೆ ಮೈ ಹೊಂದಬೇಕು. ಮೇಲಿನ ಕಟ್ಟೆಯಲ್ಲಿ ಗಾಳಿಗೆ ಕೂರಿಸಿ, ಆದರೆ ಅವಳ ಮುಖ ಗೋಡೆಯ ಕಡೆಗಲ್ಲ, ನೀರಿನ ಕಡೆಗೆ ಇರಲಿ. ಕೊಚ್ಚಿಯಲ್ಲಿ ದೊಡ್ಡ ಬಲೆಗಳನ್ನು ಎತ್ತಿ ಇಳಿಸುವುದನ್ನು ದಂಡೆಯಲ್ಲೇ ಕೂತು ನೋಡಬಹುದಂತೆ, ಅದು ಆಗಲಿ. ಕೊಲಂಬೋದಲ್ಲಿ ಕಿಟಕಿಯ ಬಸ್ಸು ಬೇಡ. ಬುದ್ಧನ ಗುಡಿಯೊಂದರ ಅಂಗಳದ ತನಕ ಗಾಲಿ ಕುರ್ಚಿ ಹೋಗುತ್ತದೆ, ಅಲ್ಲಿಗೆ ಒಯ್ಯಿರಿ, ಒಳಗೆ ಬಿಡದಿದ್ದರೆ ಹೊರಗಿನಿಂದಲೇ ಕೈ ಮುಗಿಯಲಿ. ಯಾವ ದೇವರಾದರೂ ದೇವರೇ. ಮಾಲೆಯ ಹಾಳೆಯ ಮೇಲಿನ ಪೆನ್ಸಿಲ್ ಗೀಟನ್ನು ನಾನೇ ರಬ್ಬರಿನಿಂದ ಅಳಿಸಿದ್ದೇನೆ, ಪೂರ್ತಿ ಹೋಗಿಲ್ಲ, ಆದರೂ ಮಾಲೆಯನ್ನು ಆರಿಸಿದ್ದೇವೆ ಎಂದೇ ಹಿಡಿ.

ಮೈ ಮುಟ್ಟುವ ಮೊದಲು ಅವಳನ್ನು ಕೇಳಬೇಕು. "ಎತ್ತಲೇನ?" ಎಂದು ಕೇಳಿ, ಅವಳು ಹೂಂ ಎಂದ ಮೇಲೆ ಕೈ ಹಾಕಬೇಕು. ಇದನ್ನು ಮಾಲಾಳಿಗೆ ಹೇಳಿದ್ದೇನೆ, ನೀನು ಆ ಖಲಾಶಿಗಳಿಗೆ ಅವರ ಭಾಷೆಯಲ್ಲಿ ಹೇಳು. ಬಲ ತೋಳು ಹಿಡಿದು ಎಳೆಯಬಾರದು, ಅದು ಚಿಕ್ಕಂದಿನಲ್ಲಿ ಒಮ್ಮೆ ಜಾರಿದೆ. ಎಡ ಸೊಂಟ ಬಡವಾಗಿದೆ, ಕೂತರೆ ಭಾರವೆಲ್ಲ ಎಡಕ್ಕೇ ಬರುತ್ತದೆ. ಎತ್ತುವಾಗ ಅವಳು ಚೇಷ್ಟೆ ಮಾಡುತ್ತಾಳೆ, ಎತ್ತುವವರನ್ನು ನಗಿಸುತ್ತಾಳೆ. ಅದು ಹೆದರಿಕೆಗೆ ಎಂದು ತಿಳಿದುಕೋ. ನೀರಿನಲ್ಲಿ ಮಾತ್ರ ಅವಳಿಗೆ ಏನನ್ನೂ ಹೇಳಿಕೊಡಬೇಡಿ, ಬಿಟ್ಟುಬಿಡಿ.

ಇಲ್ಲಿ ಬೇರೆ ವಿಶೇಷವಿಲ್ಲ. ಮೊನ್ನೆ ಭರಮವ್ವನ ಜೊತೆ ಬೆಳಗಾವಿಗೆ ಹೋಗಿದ್ದೆ, ರವಿವಾರ ಪೇಟೆಯ ಅಂಗಡಿಯಲ್ಲಿ ಪ್ರಮಿಳಾಳ ಹೊಲಿಗೆಗೆ ದಾರ, ಅಸ್ತರಿನ ಅರಿವೆ ತಂದೆ. ಹಡಗಿನಲ್ಲಿ ಹಾಕಿಕೊಳ್ಳಲು ಅವಳು ತನಗೊಂದು ಹೊಸ ಕುಪ್ಪಸ ಹೊಲಿದುಕೊಳ್ಳುತ್ತಿದ್ದಾಳೆ, ನೀಲಿ ಬಣ್ಣದ್ದು. ಮಶೀನಿನ ಸಪ್ಪಳದ ಜೊತೆ ಮತ್ತೆ ಬಾಯಿಯ ಸಪ್ಪಳವೂ ಕೇಳುತ್ತಿದೆ. ಇವತ್ತು ಕೊನೆಯ ಕಾರ್ತಿಕ ಸೋಮವಾರ, ಅಸೋಗಾಕ್ಕೆ ಹೋಗಲಿಲ್ಲ. ಮನೆಯಲ್ಲೇ ದೀಪ ಹಚ್ಚಿ ನಿನ್ನ ಹೆಸರಿನದೂ ಒಂದು ಬತ್ತಿ ಇಟ್ಟಿದ್ದೇನೆ.

ಪ್ರಮಿಳಾ ತನ್ನ ಮಾಮಾನಿಗೆ ನಮಸ್ಕಾರ ಹೇಳಿದ್ದಾಳೆ, ಹಡಗಿನ ಚಾದರ ಒಗೆಯುವಾಗ ತನ್ನದನ್ನು ಬೇರೆ ಒಗೆಯಬೇಕಂತೆ. ಭರಮವ್ವನ ಆಶೀರ್ವಾದ. ನೀರು ನಿನಗೆ ತಂಪಾಗಿರಲಿ, ಗಾಳಿ ನಿನ್ನ ಮಾತು ಕೇಳಲಿ, ನೂರು ವರ್ಷ ಬಾಳು.

ಇಂತಿ ನಿನ್ನ ಅಕ್ಕ,
ಸತ್ಯವ್ವ

ತಾ. ಕ. ಇದನ್ನು ಪ್ರಮಿಳಾ ಹಿತ್ತಲಲ್ಲಿ ಇರುವಾಗ ಬರೆಯುತ್ತಿದ್ದೇನೆ, ಅಕ್ಷರ ಸರಿ ಇಲ್ಲ. ಮಾಲಾಳಿಗೂ ಗೊತ್ತಿಲ್ಲ, ಫೋನಿನಲ್ಲಿ ಬಾಯಿ ಬಿಡಬೇಡ. ರವಿವಾರ ಪೇಟೆಯಿಂದ ನಾವು ದವಾಖಾನೆಗೆ ಹೋಗಿದ್ದೆವು. ಚಪ್ಪಲಿ ಬಿದ್ದದ್ದು ಯೋಚನೆಯಿಂದಲ್ಲ, ಎಡಗಾಲಿಗೆ ಸ್ಪರ್ಶ ಹೋಗಿದೆ, ಈಗ ಬಲಗಾಲಿಗೂ ಜೋಮು ಹತ್ತುತ್ತಿದೆ. ಮಣಕ ನರವನ್ನು ಒತ್ತಿದೆ, ಕೊಯ್ಯಲೇಬೇಕಂತೆ. ಕೊಯ್ದ ಮೇಲೆ ಕಾಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಡಾಕ್ಟರು ಮುಚ್ಚಿಡಲಿಲ್ಲ. ಇನ್ನೂ ಬೇಗ ಬಾ ಎಂದರು, ನಾನೇ ಹಟ ಹಿಡಿದು ನಿಮ್ಮ ಹಡಗು ಮಾಲೆಗೆ ಮುಟ್ಟುವ ದಿನಕ್ಕೆ ಹಾಕಿಸಿಕೊಂಡಿದ್ದೇನೆ. ಭರಮವ್ವ ಜೊತೆಗಿರುತ್ತಾಳೆ. ಗೊತ್ತಾದರೆ ಹುಡುಗಿ ಹೋಗುವುದಿಲ್ಲ. ಅವಳು ನೀರಿನಿಂದ ಮೇಲೆ ಬಂದ ಮೇಲೆ ನೀನೇ ಹೇಳು, ಮೊದಲು ಹೇಳಬೇಡ. ಇಬ್ಬರು ಕುಂಟ ಹೆಂಗಸರು ಒಂದು ಮನೆಯಲ್ಲಿ ಇದ್ದರೆ ಯಾರು ಯಾರನ್ನು ಎತ್ತಬೇಕು? ನನಗೆ ಕಾಲು ಬರದಿದ್ದರೆ ಅವಳು ಟಿಳಕವಾಡಿಯಲ್ಲಿ ನಿಮ್ಮ ಜೊತೆ ಇರಬಹುದೇ ಎಂದು ಅವಳನ್ನೂ ಮಾಲಾಳನ್ನೂ ಎದುರಿಗೆ ಕೂರಿಸಿಕೊಂಡು ಕೇಳು. ಆಗುವುದಿಲ್ಲ ಎಂದರೆ ಹಾಗೆಯೇ ಬರೆ, ನನಗೆ ಸಿಟ್ಟು ಬರುವುದಿಲ್ಲ. ಇನ್ನೊಂದು. ಮಾಲೆಯಲ್ಲಿ ಆ ಕುರ್ಚಿ ಹಿಡಿಯಲು ಮೂವರು ಖಲಾಶಿಗಳು ಸಾಕು ಎಂದು ನಿನ್ನ ಸಾಹೇಬರಿಗೆ ಹೇಳು. ನಾಲ್ಕನೆಯವನು ನೀನಾಗು. ನನ್ನನ್ನು ಹೊರುವ ನಾಲ್ಕು ಮಂದಿಯಲ್ಲಿ ನೀನು ಇರುತ್ತೀಯೋ ಇಲ್ಲವೋ, ಹಡಗಿನಲ್ಲಿ ದುಡಿಯುವವರ ಮಾತು ಹೇಳಲಿಕ್ಕೆ ಬರುವುದಿಲ್ಲ. ಅವಳನ್ನು ಹೊರುವವರಲ್ಲಿ ಇರು. ಎಡಗಡೆ ಹಿಡಿ, ಭಾರ ಅಲ್ಲಿಗೇ ಬರುತ್ತದೆ.